ಮೂರೂವರೆ ಟನ್ನಿನ ಮಿನಿ ಎಕ್ಸ್‌ಕವೇಟರ್: ಐದು ವರ್ಷದ ಬಳಕೆ, ಹೀಟ್ ಆಗುವ ತೊಂದರೆ ಮತ್ತು ಫ್ಯಾನಿನ ಕಥೆ

ಸಾಗರ, ಹೊಸನಗರ ಕಡೆಯ ಅಡಿಕೆ ತೋಟಗಳಲ್ಲಿ ದುಡಿಸಲೆಂದು ಮೂರೂವರೆ ಟನ್ ವರ್ಗದ ಮಿನಿ ಎಕ್ಸ್‌ಕವೇಟರ್ ತೆಗೆದುಕೊಂಡು ಐದು ವರ್ಷವಾಯಿತು. ಅವರ್ ಮೀಟರ್ ಐದು ಸಾವಿರ ಗಂಟೆಯ ಹತ್ತಿರ ಬಂದಿದೆ. ಬಸಿಗಾಲುವೆ ತೆಗೆಯುವುದು, ಸಸಿಗೆ ಗುಂಡಿ, ಕೃಷಿಹೊಂಡ, ಪೈಪ್‌ಲೈನು, ದರೆ ಕಡಿದು ಮನೆಗೆ ಜಾಗ ಮಾಡುವುದು, ಆಗಾಗ ಬ್ರೇಕರ್ ಹಾಕಿ ಜಂಬಿಟ್ಟಿಗೆ ಒಡೆಯುವುದು, ಎಲ್ಲ ಕೆಲಸವನ್ನೂ ಮಾಡಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಅಳತೆಯ ಹೆಚ್ಚಿನ ಗಾಡಿಗಳಲ್ಲಿ ಎಂಜಿನ್, ರೇಡಿಯೇಟರ್, ಫ್ಯಾನ್ ಕೂರಿಸಿರುವ ರೀತಿ ಹೆಚ್ಚುಕಡಿಮೆ ಒಂದೇ ತರಹ ಇರುವುದರಿಂದ ನನ್ನ ಅನುಭವ ಬೇರೆ ಕಂಪನಿಯ ಗಾಡಿ ಇಟ್ಟುಕೊಂಡವರಿಗೂ ಉಪಯೋಗಕ್ಕೆ ಬರುತ್ತದೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಾಲಿನ ನಡುವೆ ಮರಕ್ಕೆ ತಾಗದ ಹಾಗೆ ಓಡಾಡುತ್ತದೆ. ತಿರುಗುವಾಗ ಹಿಂಭಾಗ ಟ್ರ್ಯಾಕಿನಿಂದ ಆಚೆ ಚಾಚುವುದಿಲ್ಲ, ತೋಟದ ಕೆಲಸದಲ್ಲಿ ಇದೊಂದೇ ಗುಣಕ್ಕೆ ಅರ್ಧ ಬೆಲೆ ಕೊಡಬಹುದು. ಮೂರು ಸಿಲಿಂಡರ್ ಎಂಜಿನ್ ಡೀಸೆಲ್ ಹೆಚ್ಚು ಕುಡಿಯುವುದಿಲ್ಲ. ಪಿನ್ನು, ಬುಷ್‌ಗಳಿಗೆ ನಿಯಮಿತವಾಗಿ ಗ್ರೀಸ್ ಹೊಡೆದರೆ ಚೆನ್ನಾಗಿ ಬಾಳಿಕೆ ಬರುತ್ತವೆ. ಹೈಡ್ರಾಲಿಕ್ ಪಂಪು ಇವತ್ತಿಗೂ ಮೊದಲಿನ ಹಾಗೇ ಇದೆ.

ನನಗೆ ತಲೆನೋವಾಗಿದ್ದು ಒಂದೇ: ಬೇಸಿಗೆಯಲ್ಲಿ ಹೀಟ್ ಆಗುವುದು. ಈ ತೊಂದರೆಗೆ ಯಾರನ್ನು ಕೇಳಿದರೂ ಬರುವ ಮೊದಲ ಉತ್ತರ "ಫ್ಯಾನ್ ಹೋಗಿರ್ಬೇಕು, ಹೊಸದು ಹಾಕಿ." ಐದು ವರ್ಷದಲ್ಲಿ ನಾನು ಕಂಡುಕೊಂಡಿದ್ದು, ಫ್ಯಾನ್ ಒಂದರಿಂದಲೇ ತೊಂದರೆ ಬಂದದ್ದು ಬಹಳ ಕಡಿಮೆ. ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂಬ ದಾರಿಯನ್ನು ಪೂರ್ತಿ ನೋಡದೆ ಫ್ಯಾನ್ ಬದಲಿಸಿದರೆ ದುಡ್ಡು ದಂಡ.

ಒಂದು ಮಾತು ನೆನಪಿಡಬೇಕು. ಕಾರು, ಲಾರಿ ಓಡುವಾಗ ಎದುರುಗಾಳಿ ರೇಡಿಯೇಟರಿಗೆ ಬಡಿಯುತ್ತದೆ. ನಮ್ಮ ಗಾಡಿ ನಿಂತಲ್ಲೇ ನಿಂತು, ಅದೂ ಪೂರ್ತಿ ಆರ್‌ಪಿಎಂನಲ್ಲಿ ದುಡಿಯುತ್ತದೆ. ಎಂಜಿನ್ನಿನ ಶಾಖ, ಹೈಡ್ರಾಲಿಕ್ ಆಯಿಲಿನ ಶಾಖ ಎರಡನ್ನೂ ಹೊರಹಾಕಲು ಇರುವುದು ಆ ಒಂದು ಫ್ಯಾನ್. ಗಾಡಿ ಚಿಕ್ಕದಾಗಿರಬೇಕೆಂದು ಎಂಜಿನ್ ಕೋಣೆಯನ್ನೂ ಇಕ್ಕಟ್ಟು ಮಾಡಿರುತ್ತಾರೆ. ದೊಡ್ಡ ಗಾಡಿಯಲ್ಲಿ ನಡೆದುಹೋಗುವ ಸಣ್ಣ ಅಡ್ಡಿಯೂ ಇಲ್ಲಿ ಟೆಂಪರೇಚರ್ ಮೀಟರಿನ ಮುಳ್ಳನ್ನು ಕೆಂಪಿಗೆ ತಳ್ಳುತ್ತದೆ.

ಮೊದಲು ಕೇಳಬೇಕಾದದ್ದು ಆಪರೇಟರನ್ನು. "ಯಾವಾಗ ಹೀಟ್ ಆಗ್ತದೆ ಮಾರಾಯ?" ನಮ್ಮ ಹುಡುಗ ಹೇಳಿದ್ದು ಇಷ್ಟು: "ಅಣ್ಣ, ಬೆಳಿಗ್ಗೆ ಏನೂ ಇಲ್ಲ. ಊಟ ಆದ್ಮೇಲೆ ಬ್ರೇಕರ್ ಹಾಕಿದ್ರೆ ಮುಳ್ಳು ನಿಧಾನ ಮೇಲೆ ಹೋಗ್ತದೆ. ಸ್ವಲ್ಪ ಹೊತ್ತು ಸ್ಲೋ ಬಿಟ್ರೆ ಇಳೀತದೆ." ಇದರಲ್ಲೇ ಅರ್ಧ ಉತ್ತರ ಇದೆ. ಗಂಟೆಗಟ್ಟಲೆ ದುಡಿದ ಮೇಲೆ ನಿಧಾನವಾಗಿ ಏರಿ, ಲೋಡ್ ಕಡಿಮೆ ಮಾಡಿದ ಕೂಡಲೇ ಇಳಿದರೆ ಅದು ಗಾಳಿಯ ತೊಂದರೆ: ಕೋರ್ (ಗಾಳಿ ನುಗ್ಗುವ ತೆಳು ಫಿನ್ನುಗಳ ಜಾಲರಿ) ಕಸದಿಂದ ಕಟ್ಟಿದೆ, ಬೆಲ್ಟ್ ಜಾರುತ್ತಿದೆ ಅಥವಾ ಫ್ಯಾನ್ ಸಾಕಷ್ಟು ಎಳೆಯುತ್ತಿಲ್ಲ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಏರಿಬಿಟ್ಟರೆ ಕೂಲೆಂಟ್ ಕಡಿಮೆಯೋ, ಥರ್ಮೋಸ್ಟಾಟ್ ಅಂಟಿಕೊಂಡಿದೆಯೋ, ಬೆಲ್ಟ್ ತುಂಡಾಗಿದೆಯೋ ನೋಡಬೇಕು. ಮುಳ್ಳು ಇದ್ದಕ್ಕಿದ್ದಂತೆ ಕೆಂಪಿಗೆ ಹಾರಿ ಮತ್ತೆ ಕೆಳಗೆ ಬಿದ್ದರೆ ಸೆನ್ಸರಿನ ವೈರ್ ಲೂಸ್ ಇರುವುದೇ ಹೆಚ್ಚು. ಮುಳ್ಳು ಸರಿಯಾದ ಜಾಗದಲ್ಲೇ ಇದ್ದು ಬೂಮ್, ಟ್ರ್ಯಾಕ್ ಮಾತ್ರ ಮಧ್ಯಾಹ್ನದ ಮೇಲೆ ಸುಸ್ತಾಗುತ್ತಿದ್ದರೆ ಹೈಡ್ರಾಲಿಕ್ ಆಯಿಲನ್ನು ತಣಿಸುವ ಆಯಿಲ್ ಕೂಲರ್ ಕಡೆ ಕಣ್ಣು ಹಾಕಿ. ಹೈಡ್ರಾಲಿಕ್ ಆಯಿಲ್ 82 ಡಿಗ್ರಿ ಸೆಲ್ಸಿಯಸ್ ದಾಟಿ ದುಡಿಯತೊಡಗಿದರೆ ಸೀಲುಗಳ ಆಯಸ್ಸು ಕಡಿಮೆಯಾಗುತ್ತದೆ, ಆಯಿಲೂ ಬೇಗ ಕೆಡುತ್ತದೆ.

ನಮ್ಮ ಗಾಡಿಯಲ್ಲಿ ಹೊರಗಡೆ ಆಯಿಲ್ ಕೂಲರ್, ಅದರ ಹಿಂದೆ ರೇಡಿಯೇಟರ್, ಅದರ ಹಿಂದೆ ಫ್ಯಾನ್. ಫ್ಯಾನ್ ಹೊರಗಿನ ಗಾಳಿಯನ್ನು ಎಳೆದು ಎಂಜಿನ್ ಕಡೆ ಬಿಡುತ್ತದೆ. ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಆಯಿಲ್ ಕೂಲರ್ ಫಳಫಳ ಅನ್ನುತ್ತಿತ್ತು. ಸರ್ವೀಸಿಗೆ ಬಂದವರು ಪ್ರತಿ ಸಲವೂ ಕಂಪ್ರೆಸರ್ ಗಾಳಿ ಹೊಡೆದು "ಕ್ಲೀನ್ ಇದೆ ಸರ್" ಎಂದು ಬರೆದುಕೊಂಡು ಹೋಗುತ್ತಿದ್ದರು. ಹೀಟ್ ಮಾತ್ರ ಕಡಿಮೆಯಾಗಲಿಲ್ಲ. ಕೊನೆಗೆ ನಾನೂ ನಮ್ಮ ಹುಡುಗನೂ ಸೇರಿ ಆಯಿಲ್ ಕೂಲರಿನ ಬೋಲ್ಟ್ ಬಿಚ್ಚಿ, ಹೋಸ್ ತೆಗೆಯದೆಯೇ ಅದನ್ನು ಮುಂದಕ್ಕೆ ವಾಲಿಸಿದೆವು. ಎರಡರ ನಡುವೆ ಬೆರಳು ತೂರುವಷ್ಟು ಸಂದು. ಅದರ ತುಂಬ ಕೆಂಪು ಧೂಳು, ತರಗೆಲೆ ಚೂರು, ಒಣ ಹುಲ್ಲು, ಎಲ್ಲಕ್ಕಿಂತ ಹೆಚ್ಚಾಗಿ ಯುಪಟೋರಿಯಂ ಗಿಡದ ಬೀಜ. ಮಲೆನಾಡಿನವರಿಗೆ ಗೊತ್ತು, ಬೇಸಿಗೆ ಶುರುವಾಗುವ ಹೊತ್ತಿಗೆ ಆ ಗಿಡಗಳು ಒಣಗಿ, ಬಿಳಿ ಕೂದಲಿರುವ ಬೀಜ ಎಲ್ಲೆಡೆ ಹಾರುತ್ತದೆ. ಆಯಿಲ್ ಕೂಲರಿನ ಅಗಲದ ಫಿನ್ನುಗಳಲ್ಲಿ ನುಸುಳಿ ರೇಡಿಯೇಟರಿನ ಒತ್ತು ಫಿನ್ನುಗಳಿಗೆ ಅಂಟಿ, ಮೇಲೆ ಧೂಳು ಕೂತು, ಸಣ್ಣಗೆ ಒಸರುತ್ತಿದ್ದ ಆಯಿಲ್ ಸೇರಿ, ಹಳೇ ಕಂಬಳಿ ತುಂಡಿನ ಹಾಗೆ ಇಡಿಯಾಗಿ ಕಿತ್ತು ಬಂತು. ಅವತ್ತು ಮಧ್ಯಾಹ್ನ ಬ್ರೇಕರ್ ಹಾಕಿದರೂ ಮುಳ್ಳು ಅರ್ಧ ದಾಟಲಿಲ್ಲ.

ತೊಳೆಯುವ ಕ್ರಮವೂ ಮುಖ್ಯ. ಗಾಳಿ ಬರುವ ದಿಕ್ಕಿಗೆ ಎದುರಾಗಿ, ಅಂದರೆ ನಮ್ಮ ಗಾಡಿಯಲ್ಲಿ ಒಳಗಿನಿಂದ ಹೊರಕ್ಕೆ ಹೊಡೆಯಬೇಕು. ಆದರೆ ಕೂಲರನ್ನು ವಾಲಿಸದೆ ಹಾಗೆ ಹೊಡೆದರೆ ಕಸ ಅದೇ ಸಂದಿಗೆ ಹೋಗಿ ಕೂರುತ್ತದೆ. ಮೊದಲು ಒಣಗಾಳಿ, ಆಮೇಲೆ ನೀರು. ಆಯಿಲ್ ಪಸೆ ಇದ್ದರೆ ಡಿಗ್ರೀಸರ್ ಹಾಕಿ ನೆನೆಯಲು ಬಿಟ್ಟು ತೊಳೆಯಿರಿ. ಪ್ರೆಷರ್ ವಾಷರನ್ನು ಹತ್ತಿರ ಹಿಡಿದು ಓರೆಯಾಗಿ ಹೊಡೆದರೆ ಅಲ್ಯೂಮಿನಿಯಂ ಫಿನ್ನುಗಳು ಮಲಗಿಬಿಡುತ್ತವೆ. ಮಲಗಿದ ಫಿನ್ನು ಕಟ್ಟಿಕೊಂಡ ಫಿನ್ನಿನಷ್ಟೇ ಕೆಟ್ಟದ್ದು.

ಎರಡನೆಯದು ಬೆಲ್ಟ್. ನಮ್ಮಲ್ಲಿ ಫ್ಯಾನ್, ವಾಟರ್ ಪಂಪ್, ಆಲ್ಟರ್ನೇಟರ್ ಮೂರನ್ನೂ ತಿರುಗಿಸುವುದು ಒಂದೇ ವಿ-ಬೆಲ್ಟ್. ಸ್ಲೋ ಇಟ್ಟು ನೋಡಿದರೆ ಎಲ್ಲ ಸರಿ ಕಾಣುತ್ತದೆ. ಮೋಸ ಇರುವುದೇ ಅಲ್ಲಿ. ಫ್ಯಾನಿನ ವೇಗ ದುಪ್ಪಟ್ಟಾದರೆ ಅದನ್ನು ತಿರುಗಿಸಲು ಎಂಟು ಪಟ್ಟು ಶಕ್ತಿ ಬೇಕು, ಬೆಲ್ಟಿನ ಮೇಲಿನ ಎಳೆತ ನಾಲ್ಕು ಪಟ್ಟಾಗುತ್ತದೆ. ಸ್ಲೋದಲ್ಲಿ ಜಾರದ ಬೆಲ್ಟ್ ಪೂರ್ತಿ ಆರ್‌ಪಿಎಂನಲ್ಲಿ ಜಾರುತ್ತದೆ, ಅದೂ ಗಾಳಿ ಹೆಚ್ಚು ಬೇಕಾದ ಹೊತ್ತಿನಲ್ಲೇ. ಎಂಜಿನ್ ಆಫ್ ಮಾಡಿ, ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಸರಿಯಾದ ಅಳತೆ ನಿಮ್ಮ ಗಾಡಿಯ ಪುಸ್ತಕದಲ್ಲಿರುತ್ತದೆ. ಟೈಟ್ ಇದ್ದ ಮಾತ್ರಕ್ಕೆ ಸಾಲದು. ಬೆಲ್ಟಿನ ಪಕ್ಕಗಳು ಗಾಜಿನ ಹಾಗೆ ಮಿರುಗುತ್ತಿದ್ದರೆ ಬದಲಿಸಿ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡಿನ ತಳ ಹೊಳೆಯುತ್ತಿದ್ದರೂ ಬದಲಿಸಿ, ಬೆಲ್ಟ್ ಸವೆದು ತಳಕ್ಕೆ ಕೂತಿದೆ ಎಂದರ್ಥ. ವಿ-ಬೆಲ್ಟ್ ಹಿಡಿಯಬೇಕಾದದ್ದು ಪಕ್ಕಗಳಲ್ಲಿ. ಬೆಲ್ಟಿನ ಬೆಲೆ ಗಾಡಿಯ ಒಂದು ದಿನದ ಡೀಸೆಲ್ ಖರ್ಚಿಗಿಂತ ಕಡಿಮೆ. ಹೀಟ್ ಆಗಿ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋದರೆ ಆಗುವ ಖರ್ಚು, ಗಾಡಿ ನಿಂತ ದಿನಗಳ ನಷ್ಟ ಲೆಕ್ಕ ಹಾಕಿದರೆ ಇದರಲ್ಲಿ ಚೌಕಾಸಿ ಮಾಡುವುದು ಸರಿಯಲ್ಲ.

ಇನ್ನು ಫ್ಯಾನಿನದ್ದೇ ತೊಂದರೆ ಬಂದ ಸಂದರ್ಭ. ವಾಟರ್ ಪಂಪಿನಿಂದ ಕೂಲೆಂಟ್ ತೊಟ್ಟಿಕ್ಕಲು ಶುರುವಾಗಿ ಒಂದು ಗ್ಯಾರೇಜಿನಲ್ಲಿ ಪಂಪ್ ಬದಲಿಸಿಸಿದೆ. ಗಾಡಿ ತೋಟಕ್ಕೆ ಮರಳಿದ ಮೇಲೆ ಮಧ್ಯಾಹ್ನದ ಹೀಟ್ ಮತ್ತೆ ಶುರು. ಕೋರ್ ಚೊಕ್ಕಟ, ಬೆಲ್ಟ್ ಹೊಸದು, ಕೂಲೆಂಟ್ ಭರ್ತಿ. ರೇಡಿಯೇಟರಿನ ಮುಂದೆ ಕಾಗದ ಹಿಡಿದರೆ ಒಳಕ್ಕೆ ಎಳೆಯುತ್ತಲೂ ಇತ್ತು. ಆದರೆ ಮೊದಲು ಪಟ್ ಎಂದು ಅಂಟಿಕೊಳ್ಳುತ್ತಿದ್ದ ಕಾಗದ ಈಗ ಸಡಿಲವಾಗಿ ಅಲುಗುತ್ತಿತ್ತು, ಫ್ಯಾನಿನ ಸದ್ದೂ ಸ್ವಲ್ಪ ಒರಟಾಗಿತ್ತು. ನೋಡಿದರೆ ಫ್ಯಾನನ್ನು ಹಿಂದುಮುಂದಾಗಿ ಕೂರಿಸಿದ್ದರು. ಇಂಥ ಫ್ಯಾನನ್ನು ತಿರುಗಿಸಿ ಹಾಕಿದರೆ ಗಾಳಿ ಉಲ್ಟಾ ಬರುತ್ತದೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ರೆಕ್ಕೆಯ ಓರೆ ಯಾವ ಕಡೆಯಿಂದ ನೋಡಿದರೂ ಒಂದೇ, ಗಾಳಿ ಅದೇ ದಿಕ್ಕಿಗೆ ಹೋಗುತ್ತದೆ. ಆದರೆ ರೆಕ್ಕೆಯ ಬಾಗು ಉಲ್ಟಾ ಆಗಿ, ತಗ್ಗು ಬದಿಯಿಂದ ತಳ್ಳಬೇಕಾದ ಗಾಳಿಯನ್ನು ಉಬ್ಬು ಬದಿಯಿಂದ ತಳ್ಳುತ್ತದೆ, ಬರುವ ಗಾಳಿ ಬಹಳ ಇಳಿದುಹೋಗುತ್ತದೆ. ಕಾಗದದ ಪರೀಕ್ಷೆಯನ್ನೂ ಪಾಸು ಮಾಡುವ ತಪ್ಪು ಇದಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ತಗ್ಗು ಬದಿ ಗಾಳಿ ಹೋಗುವ ಕಡೆಗೆ ಮುಖ ಮಾಡಿರಬೇಕು. ಎಷ್ಟೋ ಫ್ಯಾನುಗಳ ನಡುಭಾಗದಲ್ಲಿ ಎಂಜಿನ್ ಕಡೆ ಯಾವುದು ಎಂದು ಅಚ್ಚು ಹಾಕಿರುತ್ತಾರೆ. ಪಂಪ್ ಕೆಲಸಕ್ಕೆ ಕೊಡುವ ಮೊದಲು ಮೊಬೈಲಿನಲ್ಲಿ ಫ್ಯಾನಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಸಾಕು.

ಫ್ಯಾನ್ ಸುತ್ತಲಿನ ಶ್ರೌಡ್ (ಗಾಳಿ ಪೂರ್ತಿ ರೇಡಿಯೇಟರಿನ ಮೂಲಕವೇ ಬರುವಂತೆ ಮಾಡುವ ಕವಚ) ಮತ್ತು ರೇಡಿಯೇಟರಿನ ಅಂಚಿನ ಫೋಮ್ ಪಟ್ಟಿಯ ವಿಷಯ ಯಾರೂ ಮಾತಾಡುವುದಿಲ್ಲ. ನನಗೆ ಇದು ಬೇಸರದ ಸಂಗತಿ. ರಿಪೇರಿ ಮಾಡುವವರು ಶ್ರೌಡ್ ಬಿಚ್ಚಿ "ಇದಿಲ್ದಿದ್ರೆ ಗಾಳಿ ಚೆನ್ನಾಗಿ ಆಡ್ತದೆ" ಎಂದು ಪಕ್ಕಕ್ಕಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಶ್ರೌಡ್ ಇಲ್ಲದಿದ್ದರೆ ಫ್ಯಾನ್ ತನ್ನ ಎದುರಿನ ಭಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳು ಸತ್ತ ಹಾಗೆ. ಜೊತೆಗೆ ಎಂಜಿನ್ ಕಡೆಯ ಬಿಸಿಗಾಳಿಯನ್ನೇ ರೆಕ್ಕೆಯ ತುದಿಯಿಂದ ಮತ್ತೆ ಮತ್ತೆ ಸುತ್ತಿಸುತ್ತದೆ. ಫೋಮ್ ಪಟ್ಟಿ ಪುಡಿಯಾಗಿ ಉದುರಿದರೂ ಅಷ್ಟೇ, ಒಳಗಿನ ಬಿಸಿ ಸಂದಿಯಿಂದ ಹೊರಬಂದು ರೇಡಿಯೇಟರಿನ ಮುಂದೆ ಸೇರಿಕೊಳ್ಳುತ್ತದೆ. ನಮ್ಮ ಗಾಡಿಗೆ ಕಂಪನಿಯ ಪಟ್ಟಿ ಸಿಗದೆ, ಸೀಟ್ ಕವರ್ ಹೊಲಿಯುವ ಅಂಗಡಿಯಿಂದ ಗಟ್ಟಿ ಫೋಮ್ ತಂದು ಅಂಟಿಸಿದೆವು. ವ್ಯತ್ಯಾಸ ಅದೇ ವಾರ ಕಂಡಿತು.

ಫ್ಯಾನಿಗೆ ಸಂಬಂಧವಿಲ್ಲದೆಯೂ ಅದರ ತಲೆಗೆ ಕಟ್ಟುವ ತೊಂದರೆಗಳಲ್ಲಿ ರೇಡಿಯೇಟರ್ ಕ್ಯಾಪ್ ಮೊದಲನೆಯದು. 0.9 ಬಾರ್ ಒತ್ತಡದ ಒಳ್ಳೆಯ ಕ್ಯಾಪ್ ಇದ್ದರೆ ಬರೀ ನೀರು ಕೂಡ 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಹರಿದಿದ್ದರೆ ನೂರಕ್ಕೇ ಕುದಿದು ಉಕ್ಕುತ್ತದೆ. ಬೋರ್‌ವೆಲ್ ನೀರು ಹಾಕುವುದನ್ನು ಬಿಟ್ಟುಬಿಡಿ, ಒಳಗೆ ಸುಣ್ಣ ಕಟ್ಟುತ್ತದೆ.

ಚಿಕ್ಕಮಗಳೂರಿನಲ್ಲಿರುವ ನನ್ನ ಭಾವನ ಬಳಿ ಸ್ಕಿಡ್ ಸ್ಟಿಯರ್ ಲೋಡರ್ (ನಿಂತಲ್ಲೇ ತಿರುಗುವ ಚಿಕ್ಕ ಲೋಡರ್) ಇದೆ, ಕಾಫಿ ಕ್ಯೂರಿಂಗ್ ಯಾರ್ಡಿನಲ್ಲಿ ಕೆಲಸ. ಅದರ ಫ್ಯಾನಿಗೆ ಬೆಲ್ಟ್ ಇಲ್ಲ, ಹೈಡ್ರಾಲಿಕ್ ಮೋಟರ್ ತಿರುಗಿಸುತ್ತದೆ, ಬಿಸಿ ನೋಡಿ ವೇಗವನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ಇಂಥ ಹೆಚ್ಚಿನ ಗಾಡಿಗಳಲ್ಲಿ ಫ್ಯಾನ್ ವಾಲ್ವಿನ ಕನೆಕ್ಟರ್ ಕಳಚಿದರೆ ಫ್ಯಾನ್ ಪೂರ್ತಿ ವೇಗಕ್ಕೆ ಹೋಗುವಂತೆ ಮಾಡಿರುತ್ತಾರೆ, ವೈರ್ ತುಂಡಾದರೂ ಎಂಜಿನ್ ಉಳಿಯಲಿ ಎಂದು. ಭಾವನ ಗಾಡಿಯಲ್ಲಿ ಪುಸ್ತಕ ನೋಡಿಕೊಂಡು ಹಾಗೆ ಮಾಡಿದಾಗ ಫ್ಯಾನ್ ಭರ್ರೆಂದು ತಿರುಗಿತು. ಅಂದಮೇಲೆ ಪಂಪು, ಮೋಟರ್ ಸರಿ ಇವೆ, ತೊಂದರೆ ಸೆನ್ಸರ್ ಇಲ್ಲವೇ ವೈರಿನಲ್ಲಿ. ಟೆಂಪರೇಚರ್ ಸೆನ್ಸರಿನ ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿತ್ತು. ಅದಕ್ಕೂ ಮೊದಲು ಮೋಟರನ್ನೇ ಬದಲಿಸಲು ಕೊಟೇಶನ್ ಬಂದಿತ್ತು.

ಕೈ ಹಾಕುವ ಮೊದಲು ಕೀ ತೆಗೆದು ಜೇಬಿಗಿಳಿಸಿ. ಎಲೆಕ್ಟ್ರಿಕ್ ಫ್ಯಾನ್ ಇರುವ ಗಾಡಿಗಳಲ್ಲಿ ಎಂಜಿನ್ ನಿಂತ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು, ಬ್ಯಾಟರಿ ಕಳಚುವುದೇ ಲೇಸು. ಬಿಸಿ ಇರುವಾಗ ಕ್ಯಾಪ್ ಮುಟ್ಟಲೇಬೇಡಿ. ರೆಕ್ಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಂಟಿಸಿ ಓಡಿಸಬಾರದು. ಒಂದು ರೆಕ್ಕೆ ಮುರಿದು ಹಾರಿದರೆ ರೇಡಿಯೇಟರ್ ಹೋಗುತ್ತದೆ, ಪಕ್ಕದಲ್ಲಿ ನಿಂತವರ ಕಣ್ಣೂ ಹೋದೀತು.

ನನ್ನ ತೀರ್ಮಾನ ಕೇಳಿದರೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದನ್ನು ಕಳೆದದ್ದು ಆಯಿಲ್ ಕೂಲರನ್ನು ಕೀಲು ಕೊಟ್ಟು ಬಾಗಿಲಿನ ಹಾಗೆ ತೆರೆಯುವಂತೆ ಮಾಡದೇ ಇದ್ದದ್ದಕ್ಕೆ. ದೊಡ್ಡ ಗಾಡಿಗಳಲ್ಲಿ ಆ ಸೌಕರ್ಯ ಇದೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಎಕ್ಸ್‌ಕಾನ್ ಎಂಬ ನಿರ್ಮಾಣ ಯಂತ್ರಗಳ ಪ್ರದರ್ಶನಕ್ಕೆ ಹೋಗುವವರು ಸ್ಟಾಲಿನವರ ಹತ್ತಿರ ಬಕೆಟ್ ಗಾತ್ರ, ಹಾರ್ಸ್ ಪವರ್ ಕೇಳುವುದರ ಜೊತೆಗೆ ಬಾನೆಟ್ ತೆರೆಸಿ, ಎರಡು ಕೋರ್‌ಗಳ ನಡುವೆ ಕೈ ಹೋಗುತ್ತದೆಯೇ ಎಂದು ನೋಡಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಅದೇ ಸಂದಿಗೆ ಟಾರ್ಚ್ ಬಿಡಲಿ, ಶ್ರೌಡ್ ಇದೆಯೇ ನೋಡಲಿ, ಬ್ರೇಕರ್ ಹಾಕಿಸಿ ಬಿಸಿಲಲ್ಲಿ ಒಂದು ಗಂಟೆಯಾದರೂ ದುಡಿಸಿ ನೋಡಲಿ. ಬೆಳಿಗ್ಗೆ ತಂಪಿನಲ್ಲಿ ಹತ್ತು ನಿಮಿಷ ಓಡಿಸಿ ತೋರಿಸುವ ಮಾರಾಟಗಾರರ ಗಾಡಿಗೆ ನಾನಂತೂ ಅಡ್ವಾನ್ಸ್ ಕೊಡುವುದಿಲ್ಲ.