ಯೆಜ್ಡಿಯಲ್ಲಿ ಮೈಸೂರಿಗೆ ಹೊರಡುವವರು ಈ ಗ್ಯಾರೇಜಿಗೆ ಹೋಗಿ

ಜುಲೈ ತಿಂಗಳ ಎರಡನೇ ರವಿವಾರ ಜಾವಾ ದಿನ. ಮೈಸೂರು, ಬೆಂಗಳೂರು ಕಡೆ ಹಳೇ ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರೆಲ್ಲ ಗಾಡಿ ಸಮೇತ ಸೇರುತ್ತಾರೆ. ವಿಜಯಪುರದಿಂದ ಓಡಿಸಿಕೊಂಡೇ ಹೋಗಬೇಕು ಅನ್ನುವ ಆಸೆ ಇದ್ದರೆ ತಯಾರಿ ಬೇಸಿಗೆಯಲ್ಲೇ ಶುರುವಾಗಬೇಕು. ನಾನು ನನ್ನ ಯೆಜ್ಡಿ ರೋಡ್‌ಕಿಂಗ್ ತಯಾರು ಮಾಡಿಸಿದ್ದು ವಿಜಯಪುರದಲ್ಲೇ ಅಥಣಿ ರೋಡಿನ ಕಡೆ, ಒಳಗಿನ ಓಣಿಯಲ್ಲಿ, ಬೋರ್ಡೂ ಇಲ್ಲದ ಒಂದು ಗ್ಯಾರೇಜಿನಲ್ಲಿ. ನಡೆಸುವವರನ್ನು ಎಲ್ಲರೂ ಚಾಚಾ ಅಂತಾರೆ. ಹಳೇ ಟೂ ಸ್ಟ್ರೋಕ್ ಗಾಡಿಯನ್ನು ದೂರದ ದಾರಿಗೆ ರೆಡಿ ಮಾಡಿಸೋಕೆ ಇದಕ್ಕಿಂತ ನಂಬಿಕೆಯ ಜಾಗ ಈ ಭಾಗದಲ್ಲಿ ನಾನು ನೋಡಿಲ್ಲ.

ಮೊದಲ ಕಾರಣ, ಬೇಡದ ಕೆಲಸ ಹೇಳುವುದಿಲ್ಲ. ಟ್ಯಾಂಕಿಗೆ ಬಣ್ಣ ಹೊಡೆಸೋಣ ಅಂದೆ. "ತಮ್ಮಾ, ಬಣ್ಣಾ ಆಮ್ಯಾಲ ಹಚ್ಚಿಸು, ಮೊದ್ಲ ಸೈಲೆನ್ಸರ್ ಬಿಚ್ಚೂಣು" ಅಂದರು. ಬಿಚ್ಚಿದರೆ ಎರಡೂ ಸೈಲೆನ್ಸರಿನ ಒಳಗಿನ ಕೊಳವೆಯಲ್ಲಿ ಕರಿ ಗಟ್ಟಿಯಾಗಿ ಕೂತಿತ್ತು. ಈ ಗಾಡಿಯಲ್ಲಿ ಪೆಟ್ರೋಲ್ ಜೊತೆ ಎಣ್ಣೆಯೂ ಉರಿಯುತ್ತದೆ, ಅದರ ಮಸಿ ಅಲ್ಲಿಯೇ ಕಟ್ಟಿಕೊಳ್ಳುತ್ತದೆ. ಹೊಗೆ ಸರಿಯಾಗಿ ಹೊರಗೆ ಹೋಗದಿದ್ದರೆ ಎಂಜಿನ್ ಕಾಯುತ್ತದೆ, ಎಳೆಯೋದು ಕಡಿಮೆಯಾಗುತ್ತದೆ. ಗಾಂಧಿ ಚೌಕ್‌ವರೆಗೆ ಹೋಗಿ ಬರುವವರಿಗೆ ಇದು ಗೊತ್ತೇ ಆಗುವುದಿಲ್ಲ, ಆದರೆ ಹೊಸಪೇಟೆ ಹೈವೇಯಲ್ಲಿ ಬಿಸಿಲಿಗೆ ಗಂಟೆಗಟ್ಟಲೆ ಓಡಿಸುವಾಗ ಗೊತ್ತಾಗುತ್ತದೆ. ಕೊಳವೆ ಸುಟ್ಟು, ಬಡಿದು, ತಂತಿ ಬ್ರಷ್‌ನಿಂದ ಉಜ್ಜಿ ಕೊಟ್ಟರು. ಕಡಿಮೆ ಖರ್ಚಿನ ಕೆಲಸ, ಹೆಚ್ಚು ಫರಕು ಕಂಡದ್ದೂ ಇದರಿಂದಲೇ.

ಸ್ಪಾರ್ಕ್ ಪ್ಲಗ್ಗಿನ ಕಿಡಿಯನ್ನು ಹೊತ್ತಿಗೆ ಸರಿಯಾಗಿ ಹಾರಿಸುವ ಪಾಯಿಂಟ್ ಉಜ್ಜಿ, ಗೇಜ್ ಹಾಕಿ 0.4 ಮಿಲಿಮೀಟರ್ ಗ್ಯಾಪ್ ಇಟ್ಟರು. ಕಾರ್ಬುರೇಟರ್ ತೊಳೆದರು. ಪೆಟ್ರೋಲ್ ಪೈಪು ಮತ್ತು ಟ್ಯಾಂಕಿನ ಕಾಕಿನ (ಪೆಟ್ರೋಲ್ ನಲ್ಲಿಯ) ವಾಷರ್ ಬದಲಿಸಿದರು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ, ಹಳೇ ರಬ್ಬರ್ ಅದಕ್ಕೆ ಬಾಳಿಕೆ ಬರುವುದಿಲ್ಲ. ಜಾವಾ, ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತಿತು, ಅಲ್ಲಿ ತಯಾರಾದ ಯಾವ ಗಾಡಿಯೂ ಈ ಪೆಟ್ರೋಲಿಗೆ ಅಂತ ಮಾಡಿದ್ದಲ್ಲ. ಯಾವ ಸಾಮಾನು ಹಳೇ ಸ್ಟಾಕಿನದು, ಯಾವುದು ಡೂಪ್ಲಿಕೇಟ್ ಅಂತ ಚಾಚಾ ಕೈಗೆ ಕೊಟ್ಟು ತೋರಿಸುತ್ತಾರೆ. ಇದು ನನಗೆ ಬಹಳ ಹಿಡಿಸಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಗಾಡಿ ಕೊಡುವ ಮೊದಲು ಮಾಡುವ ಪರೀಕ್ಷೆ. ಬೆಳಗಿನ ತಂಪಿನಲ್ಲಿ ಅಲ್ಲ, ನಲವತ್ತು ಡಿಗ್ರಿ ಬಿಸಿಲಲ್ಲಿ ಕೊಲ್ಹಾರದವರೆಗೆ ಒಂದೇ ಸ್ಪೀಡಿನಲ್ಲಿ ಹೋಗಿ, ಗಾಡಿ ಆಫ್ ಮಾಡಿ ಪ್ಲಗ್ ಬಿಚ್ಚಿ ಬಣ್ಣ ನೋಡು ಅಂತ ಕಳಿಸುತ್ತಾರೆ. (ಹೋದವರು ಕೊಲ್ಹಾರದ ಮೊಸರು ತಿನ್ನದೆ ಬರಬೇಡಿ.) ಪ್ಲಗ್ಗಿನ ತುದಿ ಕಂದು ಇದ್ದರೆ ಸರಿ. ಕಪ್ಪಗೆ ಒದ್ದೆ ಇದ್ದರೆ ಎಣ್ಣೆಯೋ ಪೆಟ್ರೋಲೋ ಜಾಸ್ತಿ. ಬೆಳ್ಳಗೆ ಇದ್ದರೆ ಪೆಟ್ರೋಲ್ ಕಡಿಮೆ ಹೋಗುತ್ತಿದೆ, ಹಾಗೇ ಓಡಿಸಿದರೆ ಪಿಸ್ಟನ್ ಜಾಮ್ ಆಗುತ್ತದೆ. ನನ್ನದು ಬಿಳಿಚಿಕೊಂಡಿತ್ತು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ ಮತ್ತೆ ಕಳಿಸಿದರು, ಆಗ ಸರಿಹೋಯಿತು. ದೊಡ್ಡ ಸರ್ವಿಸ್ ಸೆಂಟರ್‌ಗಳಲ್ಲಿ ಇಷ್ಟು ತಾಳ್ಮೆ ಯಾರಿಗಿರುತ್ತೆ ಹೇಳಿ?

ದಾರಿಯ ಬಗ್ಗೆಯೂ ಹೇಳಿಕೊಡುತ್ತಾರೆ. ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂ ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಎಣ್ಣೆ, ಅಳತೆ ಮಾಡಿಯೇ ಹಾಕಬೇಕು. ಉದ್ದ ಇಳಿಜಾರಿನಲ್ಲಿ ಎಕ್ಸಿಲೇಟರ್ ಪೂರ್ತಿ ಬಿಟ್ಟು ಇಳಿಯಬಾರದು, ಯಾಕಂದ್ರೆ ಎಣ್ಣೆ ಹೋಗುವುದು ಪೆಟ್ರೋಲ್ ಜೊತೆಗೇ, ಅದು ನಿಂತರೆ ಇದೂ ನಿಲ್ಲುತ್ತದೆ. ಅರವತ್ತರ ಆಸುಪಾಸಿನಲ್ಲಿ ಹೋಗಿ, ನಡುನಡುವೆ ನಿಲ್ಲಿಸಿ ಎಂಜಿನ್ ಆರಲು ಬಿಡಬೇಕು. ನಿಡಗುಂದಿ, ಇಳಕಲ್, ಕುಷ್ಟಗಿ, ಹೊಸಪೇಟೆ ದಾಟಿ ಚಿತ್ರದುರ್ಗದಲ್ಲಿ ವಸ್ತಿ ಮಾಡಿ, ಮರುದಿನ ಮೈಸೂರು. ಕ್ಲಚ್ ಕೇಬಲ್, ಎಕ್ಸಿಲೇಟರ್ ಕೇಬಲ್, ಪ್ಲಗ್ಗು, ಚೈನ್ ಲಾಕ್ ಚೀಲದಲ್ಲಿ ಇರಲೇಬೇಕು. ಕೇಬಲ್ ಹಾಕೋದು ನಮ್ಮ ಕೈಯಿಂದಲೇ ಮಾಡಿಸಿ ನೋಡುತ್ತಾರೆ.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಗಾಡಿ ಸಿಗುವುದಿಲ್ಲ. ಚಾಚಾ ಮತ್ತು ಅವರ ಮಗ ಇಬ್ಬರೇ, ಫೋನ್ ಎತ್ತುವುದು ಅಪರೂಪ. ನನ್ನ ಗಾಡಿ ಕೊಡುವ ದಿನ ಎರಡು ಸಲ ಮುಂದಕ್ಕೆ ಹೋಯಿತು, ಹೋಗಿ ನಿಂತು ಕೇಳಿದಾಗಲೇ ಕೆಲಸ ಸಾಗಿದ್ದು. ಬಿಲ್ ಕೊಡುವುದಿಲ್ಲ, ಹೇಳಿದ್ದಕ್ಕಿಂತ ಜಾಸ್ತಿ ತೆಗೆದುಕೊಂಡಿಲ್ಲ ನಿಜ, ಆದರೂ ಯಾವ ಸಾಮಾನಿಗೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಒಳ್ಳೆಯದಿತ್ತು. ವೈರಿಂಗ್ ಇಲ್ಲಿ ಮಾಡುವುದಿಲ್ಲ, ಬೇರೊಬ್ಬರ ಹತ್ತಿರ ಕಳಿಸುತ್ತಾರೆ. ಅಲ್ಲಿ ಮಾಡಿದ ಹೆಡ್‌ಲೈಟ್ ಕನೆಕ್ಷನ್ ವಾರದೊಳಗೆ ಸಡಿಲಾಯಿತು. ಜುಲೈ ಅಂದರೆ ಮಳೆಗಾಲ, ದಕ್ಷಿಣಕ್ಕೆ ಹೋದಷ್ಟೂ ಮೋಡ, ಲೈಟ್ ಕೈಕೊಟ್ಟರೆ ನಡೆಯುವುದಿಲ್ಲ. ಹಾಗಾಗಿ ವೈರಿಂಗ್ ಮಾತ್ರ ನಿಮಗೆ ಗೊತ್ತಿರುವವರ ಹತ್ತಿರವೇ ಮಾಡಿಸಿ, ಪ್ಲಗ್ ಕ್ಯಾಪಿನ ರಬ್ಬರ್ ಹೊಸದು ಹಾಕಿಸಿ.

ಏಪ್ರಿಲ್ ಕೊನೆಗೆ ಗಾಡಿ ಬಿಟ್ಟರೆ ಮೇ ಬಿಸಿಲಲ್ಲಿ ಓಡಿಸಿ ನೋಡಲು ಸಮಯ ಸಿಗುತ್ತದೆ. ಜೂನ್‌ನಲ್ಲಿ ಹೋದರೆ ಚಾಚಾ ಹೊಸ ಕೆಲಸ ಹಿಡಿಯುವುದು ಕಷ್ಟ. ಶುಕ್ರವಾರ ಮಧ್ಯಾಹ್ನ ಬಾಗಿಲು ಮುಚ್ಚಿರುತ್ತದೆ, ಅವತ್ತು ಬೆಳಗ್ಗೆಯೇ ಹೋಗಿ.