ಮಲೆನಾಡಿನ ಮನೆಗೆ ಯಾವ ಚಾರ್ಜಿಂಗ್: ತಂತಿಯದೋ, ತಂತಿರಹಿತವೋ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ವಿದ್ಯುತ್ ಕಾರಿಗೆ 15 ಆಂಪಿಯರ್ ಸಾಕೆಟ್ ಸಾಕೇ, ಗೋಡೆಯ ಚಾರ್ಜರ್ ಬೇಕೇ, ಅಥವಾ ತಂತಿರಹಿತ ವ್ಯವಸ್ಥೆಗೆ ಕಾಯುವುದು ಲೇಸೇ ಎಂದು ಕೇಳಿದ್ದಾರೆ.

ವೆಚ್ಚದ ಮಾತು ಬೇಗ ಮುಗಿಯುತ್ತದೆ: ಸಾಕೆಟ್ ಅಗ್ಗ, ತಂತಿರಹಿತವು ಎಲ್ಲಕ್ಕಿಂತ ದುಬಾರಿ. ವೇಗದ ವಿಷಯದಲ್ಲಿ, 40 ಯೂನಿಟ್ ಬ್ಯಾಟರಿ ತುಂಬಲು 3.3 ಕಿಲೋವಾಟ್ ಸಾಕೆಟ್ಟಿಗೆ ಸುಮಾರು 13 ಗಂಟೆ, 7.4 ಕಿಲೋವಾಟ್ ಗೋಡೆ ಚಾರ್ಜರಿಗೆ ಸುಮಾರು 6 ಗಂಟೆ ಬೇಕು. ಆದರೆ ಎರಡನೆಯದು 32 ಆಂಪಿಯರ್ ಎಳೆಯುವುದರಿಂದ, ಉದ್ದನೆಯ ಲೈನಿನ ತುದಿಯಲ್ಲಿರುವ ಒಂಟಿ ಮನೆಯಲ್ಲಿ ಮಂಜೂರಾದ ಲೋಡನ್ನೂ ಸಂಜೆಯ ವೋಲ್ಟೇಜನ್ನೂ ಮೊದಲು ಪರೀಕ್ಷಿಸಿಕೊಳ್ಳಬೇಕು.

ತಂತಿರಹಿತ ಚಾರ್ಜಿಂಗ್‌ನಲ್ಲಿ ನೆಲದಲ್ಲಿ ಅಳವಡಿಸಿದ ತಂತಿಯ ಸುರುಳಿಗೆ 85 ಕಿಲೋಹರ್ಟ್ಸ್ ಆಸುಪಾಸಿನ, ಅಂದರೆ ಸೆಕೆಂಡಿಗೆ ಸುಮಾರು 85 ಸಾವಿರ ಆವರ್ತಗಳ, ವಿದ್ಯುತ್ ಹರಿಸಿದಾಗ ಕಾರಿನಡಿಯ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುತ್ತದೆ. ವಾಹನ ಎಂಜಿನಿಯರುಗಳ ಸಂಘಟನೆಯಾದ ಎಸ್‌ಎಇಯ 2020ರ ಜೆ2954 ಮಾನದಂಡ ಇದನ್ನು 11 ಕಿಲೋವಾಟ್‌ವರೆಗೆ ವಿವರಿಸುತ್ತದೆ. ವಿದ್ಯುತ್ತನ್ನು ಇಷ್ಟು ವೇಗವಾಗಿ ಸ್ವಿಚ್ ಮಾಡುವಾಗಿನ ನಷ್ಟವನ್ನು ಸಿಲಿಕಾನ್ ಕಾರ್ಬೈಡ್ ಎಂಬ ಅರೆವಾಹಕದ ಸಾಧನಗಳು ತಗ್ಗಿಸುತ್ತವೆಯಾದರೂ, ಎರಡು ಸುರುಳಿಗಳು ಒಂದರ ನೇರಕ್ಕೆ ಒಂದು ನಿಲ್ಲದೆ ಸರಿದಷ್ಟೂ ದಕ್ಷತೆ ಕುಸಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಪ್ಲಗ್ ಮುಟ್ಟುವ ಕಾಟವಿಲ್ಲ ಎಂಬುದು ನಿಜವಾದ ಅನುಕೂಲ. ಆದರೆ ಅಂಗಳದಲ್ಲಿ ಬಿದ್ದ ಮೊಳೆ ಸುರುಳಿಯ ಮೇಲೆ ಬಂದರೆ ಬಿಸಿಯಾಗುತ್ತದೆ, ಅದನ್ನು ಗುರುತಿಸುವ ವ್ಯವಸ್ಥೆಯೂ ಬೇಕು. ಗುಡುಗು ಸಿಡಿಲಿಗೆ ಮೂರಕ್ಕೂ ಒಳ್ಳೆಯ ಅರ್ಥಿಂಗ್ ಮತ್ತು ಸರ್ಜ್ (ವೋಲ್ಟೇಜಿನ ಹಠಾತ್ ಏರಿಕೆ) ರಕ್ಷಣೆ ಅನಿವಾರ್ಯ.

ದಿನಕ್ಕೆ ಪೇಟೆಗೊಮ್ಮೆ ಹೋಗಿಬರುವವರಿಗೆ ಸಾಕೆಟ್ ಸಾಕು. ಶಿವಮೊಗ್ಗಕ್ಕೆ ನಿತ್ಯ ಓಡಾಡುವವರಿಗೆ, ಕರೆಂಟ್ ಇರುವ ಅವಧಿಯೇ ಕಡಿಮೆಯಿರುವವರಿಗೆ ಗೋಡೆಯ ಚಾರ್ಜರ್ ಸೂಕ್ತ. ಕೇಬಲ್ ಎತ್ತಲಾಗದ ಹಿರಿಯರಿಗೆ ತಂತಿರಹಿತವೇ ಹಿತವಾದೀತು, ಆದರೆ ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಕಾರುಗಳಲ್ಲಿ ಆ ಸುರುಳಿ ಇರುವುದಿಲ್ಲ.