ನೈನ್ ಇಂಚ್ ನೇಲ್ಸ್ ಆಲ್ಬಮ್‌ಗಳು: ವರ್ಷಗಟ್ಟಲೆ ಕೇಳಿದವನ ವಿಮರ್ಶೆ

ಅಮೆರಿಕದ ರಾಕ್ ಬ್ಯಾಂಡ್ ನೈನ್ ಇಂಚ್ ನೇಲ್ಸ್ ಎಂದರೆ ಕಿವಿ ಹರಿಯುವ ಗದ್ದಲ ಎಂದುಕೊಂಡು ದೂರ ಇಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ಯಾಸೆಟ್ಟಿನ ಕಾಲದಿಂದ ಸ್ಟ್ರೀಮಿಂಗ್ ಕಾಲದವರೆಗೆ ಇವರ ಆಲ್ಬಮ್‌ಗಳನ್ನು ಬಿಡದೆ ಕೇಳಿದ್ದೇನೆ, ದುಡ್ಡು ಕೊಟ್ಟು ಕೊಂಡಿದ್ದೇನೆ, ಕೆಲವನ್ನು ಎರಡೆರಡು ಸಲ. ಗದ್ದಲ ಇರುವುದು ನಿಜ. ಆ ಗದ್ದಲವನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಇವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಇವತ್ತಿಗೂ ಈ ಆಲ್ಬಮ್‌ಗಳು ನನಗೆ ಹಳೆಯದಾಗಿಲ್ಲ.

ಹೆಸರಿಗೆ ಬ್ಯಾಂಡ್ ಆದರೂ ಸ್ಟುಡಿಯೋದಲ್ಲಿ ಬಹುಕಾಲ ಎಲ್ಲವೂ ಟ್ರೆಂಟ್ ರೆಜ್ನರ್ ಒಬ್ಬರದೇ. ಪೆನ್ಸಿಲ್ವೇನಿಯಾದ ಮರ್ಸರ್ ಎಂಬ ಸಣ್ಣ ಊರಿನ ಕಡೆಯವರು, ಚಿಕ್ಕಂದಿನಿಂದ ಶಾಸ್ತ್ರೀಯ ಪಿಯಾನೊ ಕಲಿತವರು. ಕ್ಲೀವ್‌ಲ್ಯಾಂಡಿನ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುವ ಕೆಲಸವನ್ನೂ ಮಾಡಿಕೊಂಡು, ಯಾರೂ ಬಾಡಿಗೆಗೆ ಪಡೆಯದ ಹೊತ್ತಿನಲ್ಲಿ ಅಲ್ಲೇ ತಮ್ಮ ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡರು. ಅದರಿಂದ ಬೆಳೆದದ್ದು 1989ರ 'ಪ್ರಿಟಿ ಹೇಟ್ ಮಷೀನ್'. ಈಗ ಕೇಳಿದರೆ ಸಿಂಥ್‌ಗಳ (ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳ) ಸದ್ದಿನಲ್ಲಿ ಆ ಕಾಲದ ವಾಸನೆ ಇದೆ, ಹಳೆಯ ಸಿಡಿಯಲ್ಲಿ ತಳದ ಸ್ವರಗಳೂ ಸಪ್ಪೆ. ಸದ್ದನ್ನು ಹೊಸದಾಗಿ ಹದ ಮಾಡಿದ 2010ರ ರೀಮಾಸ್ಟರ್ ತೆಗೆದುಕೊಳ್ಳಿ, ಬೇಸ್ ಮೈಕೈ ತುಂಬಿಕೊಂಡಿದೆ. ಅದರಲ್ಲಿ ನನಗೆ ಕೊನೆಗೂ ಉಳಿದದ್ದು ಕುಣಿಸುವ ಹಾಡುಗಳಲ್ಲ. 'ಸಮ್‌ಥಿಂಗ್ ಐ ಕ್ಯಾನ್ ನೆವರ್ ಹ್ಯಾವ್'. ಹೆಚ್ಚುಕಡಿಮೆ ಬರೀ ಪಿಯಾನೊ, ದೂರದಲ್ಲೆಲ್ಲೋ ಯಂತ್ರದ ಗುಡುಗು. ಮುಂದೆ ಮೂವತ್ತು ವರ್ಷ ಮಾಡಿದ್ದರ ಬೀಜವೆಲ್ಲ ಅಲ್ಲೇ ಇದೆ.

1992ರ 'ಬ್ರೋಕನ್' ಪುಟ್ಟ ಆಲ್ಬಮ್. ರೆಕಾರ್ಡ್ ಕಂಪನಿಯ ಮೇಲಿನ ಕೋಪವೆಲ್ಲ ಗಿಟಾರ್ ಆಗಿದೆ. ಅದರ 'ವಿಶ್' ಹಾಡಿಗೆ ಗ್ರ್ಯಾಮಿ ಬಂತು. ನನ್ನ ಬಳಿಯ ಸಿಡಿಯಲ್ಲಿ ಆರನೇ ಹಾಡು ಮುಗಿದ ಮೇಲೆ ಪ್ಲೇಯರಿನ ಅಂಕಿ ಸೆಕೆಂಡಿಗೊಂದರಂತೆ ಏರುತ್ತಾ ಹೋಗುತ್ತದೆ, ಎಲ್ಲವೂ ನಿಶ್ಶಬ್ದ. 98ಕ್ಕೆ ಬಂದಾಗ ಥಟ್ಟನೆ ಮತ್ತೆ ಹಾಡು. ಸ್ಟ್ರೀಮಿಂಗ್‌ನಲ್ಲಿ ಈ ಕಾಯುವಿಕೆಯ ಸುಖವಿಲ್ಲ.

ಎಲ್ಲರೂ ಹೇಳುವ ಆಲ್ಬಮ್ 1994ರ ಮಾರ್ಚಿನಲ್ಲಿ ಬಂದ 'ದಿ ಡೌನ್‌ವರ್ಡ್ ಸ್ಪೈರಲ್'. ಹೊಸಬರು ಇಲ್ಲಿಂದಲೇ ಶುರು ಮಾಡಲಿ ಎಂದು ನಾನೂ ಹೇಳುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಒಬ್ಬ ಮನುಷ್ಯ ಹಂತಹಂತವಾಗಿ ತನ್ನನ್ನು ತಾನೇ ನಾಶ ಮಾಡಿಕೊಳ್ಳುವ ಕತೆ ಇದು. ಆತ್ಮಹತ್ಯೆಯ ವಿಷಯ ನೇರವಾಗಿ ಬರುತ್ತದೆ. ಮನಸ್ಸು ಕುಗ್ಗಿರುವ ದಿನಗಳಲ್ಲಿ ಒಂಟಿಯಾಗಿ ಕೂತು ಕೇಳಬೇಡಿ. ಮನೆಯಲ್ಲಿ ಮಕ್ಕಳಿರುವಾಗ ಸ್ಪೀಕರಿನಲ್ಲಿ ಹಾಕುವಂಥದ್ದೂ ಅಲ್ಲ.

ಇದರ ಕಟ್ಟಡ ಎಷ್ಟು ಗಟ್ಟಿ ಎಂಬುದು ತಿಳಿಯಲು 'ಮಾರ್ಚ್ ಆಫ್ ದ ಪಿಗ್ಸ್' ಒಂದೇ ಸಾಕು. ನಮ್ಮಲ್ಲಿ ತಾಳ ಹಾಕಿ ಅಭ್ಯಾಸವಿದ್ದವರು ಎಣಿಸಿ ನೋಡಿ: ಏಳು, ಏಳು, ಏಳು, ಎಂಟು. ಮಿಶ್ರದ ಮೂರು ಸುತ್ತು ಮುಗಿಸಿ ನಾಲ್ಕನೆಯದಕ್ಕೆ ಒಂದು ಎಣಿಕೆ ಹೆಚ್ಚು. ಒಟ್ಟು 29. ಆ ಹೆಚ್ಚುವರಿ ಒಂದರಿಂದಲೇ ಹಾಡು ಮುಗ್ಗರಿಸುತ್ತಾ ಓಡಿದಂತೆ ಅನ್ನಿಸುವುದು. ಹಾಗೆ ಓಡುತ್ತಾ ಓಡುತ್ತಾ ಇದ್ದಕ್ಕಿದ್ದಂತೆ ಎಲ್ಲವೂ ನಿಂತು ಪಿಯಾನೊ ಮಾತ್ರ ಉಳಿಯುತ್ತದೆ, ತೀರಾ ಸೌಮ್ಯವಾಗಿ. ಮೊದಲ ಸಲ ಕೇಳಿದಾಗ ಬೇರೆ ಹಾಡು ಶುರುವಾಯಿತೇನೋ ಅನ್ನಿಸುತ್ತದೆ. ಆ ನಿಲುಗಡೆ ಇಲ್ಲದಿದ್ದರೆ ಹಾಡು ಬರೀ ಅಬ್ಬರವಾಗುತ್ತಿತ್ತು.

'ಕ್ಲೋಸರ್' ಹಾಡಿನ ಸಾಹಿತ್ಯದ ಬಗ್ಗೆಯೇ ಜನ ಮಾತಾಡುತ್ತಾರೆ. ನೀವು ಕೊನೆಯ ಒಂದೂವರೆ ನಿಮಿಷ ಕೇಳಿ. ಒಂದರ ಮೇಲೊಂದು ಪದರ ಏರಿ ಏರಿ, ಕೊನೆಗೆ ಎಲ್ಲ ಕಳಚಿ, ಇಳಿಯುತ್ತಾ ಹೋಗುವ ಒಂದು ಸಣ್ಣ ಪಿಯಾನೊ ಎಳೆ ಉಳಿಯುತ್ತದೆ. ಅದೇ ಎಳೆ ಆಲ್ಬಮ್ಮಿನ ಕೊನೆಯ ಹೊತ್ತಿಗೆ, ಶೀರ್ಷಿಕೆಯ ಹಾಡಿನಲ್ಲಿ, ಗಿಟಾರಿನ ಮೇಲೆ ವಾಪಸ್ ಬರುತ್ತದೆ. ಕತೆಯ ನಾಯಕ ಎಲ್ಲಿಗೆ ಹೋಗುತ್ತಿದ್ದಾನೆಂದು ನಮಗೆ ಮುಂಚೆಯೇ ಹೇಳಿಬಿಟ್ಟಿದ್ದರು, ನಾವು ಕೇಳಿಸಿಕೊಂಡಿರಲಿಲ್ಲ ಅಷ್ಟೆ. ಬಿಡಿ ಹಾಡುಗಳನ್ನು ಆರಿಸಿ ಕೇಳುವವರಿಗೆ ಇದು ಸಿಗುವುದಿಲ್ಲ.

'ಹರ್ಟ್' ಬಗ್ಗೆ ಎರಡು ಮಾತು. ಅಮೆರಿಕದ ಹಿರಿಯ ಕಂಟ್ರಿ ಗಾಯಕ ಜಾನಿ ಕ್ಯಾಶ್ 2002ರಲ್ಲಿ ಹಾಡಿದ ಮೇಲೆ ಮೂಲ ಹಾಡನ್ನೇ ಮರೆತವರಿದ್ದಾರೆ. ಕ್ಯಾಶ್ ಅವರದು ಸಾವಿನ ಹೊಸ್ತಿಲಲ್ಲಿ ನಿಂತ ಹಿರಿಯರ ಧ್ವನಿ, ಅದರ ಘನತೆ ಬೇರೆಯೇ. ಆದರೆ ಮೂಲದಲ್ಲಿ ಚರಣದ ಉದ್ದಕ್ಕೂ ಗಿಟಾರ್ ಒಂದು ಹೊಂದದ ಸ್ವರವನ್ನು ಹಿಡಿದಿರುತ್ತದೆ. ಷಡ್ಜದ ಪಕ್ಕದಲ್ಲಿ ಪ್ರತಿಮಧ್ಯಮವನ್ನು ಒತ್ತಿ, ಪಂಚಮಕ್ಕೆ ಹೋಗದೆ ಹಾಗೇ ಬಿಟ್ಟಂತೆ. ಕಿವಿ ಅದು ಮುಂದೆ ಸರಿಯಲಿ ಎಂದು ಕಾಯುತ್ತದೆ, ಸರಿಯುವುದೇ ಇಲ್ಲ. ನೋವು ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ಈ ಒಂದು ಸ್ವರ ಹೆಚ್ಚು ಹೇಳುತ್ತದೆ. ನನಗೆ ಇವತ್ತಿಗೂ ಮೂಲವೇ ಬೇಕು.

ಇಷ್ಟೆಲ್ಲ ಹೊಗಳಿಯೂ, ದಿನಬಳಕೆಗೆ ನಾನು ಕೈ ಹಾಕುವುದು 1999ರ 'ದಿ ಫ್ರಾಜೈಲ್' ಕಡೆಗೆ. ಎರಡು ಸಿಡಿ, 23 ಹಾಡು. ನ್ಯೂ ಆರ್ಲಿಯನ್ಸ್‌ನಲ್ಲಿ, ಒಂದು ಕಾಲದಲ್ಲಿ ಶವಸಂಸ್ಕಾರದ ಸಿದ್ಧತೆ ನಡೆಯುತ್ತಿದ್ದ ಕಟ್ಟಡವನ್ನು ಸ್ಟುಡಿಯೋ ಮಾಡಿಕೊಂಡು, ಬಹುಕಾಲ ತಿದ್ದಿ ತೀಡಿದ ಕೆಲಸ. ರಾಶಿ ಬಿದ್ದಿದ್ದ ಹಾಡುಗಳನ್ನು ಸಾಲಾಗಿ ಜೋಡಿಸಲು ಕೊನೆಗೆ ಹೆಸರಾಂತ ಆಲ್ಬಮ್ ನಿರ್ಮಾಪಕ ಬಾಬ್ ಎಜ್ರಿನ್ ಅವರನ್ನೇ ಕರೆಸಬೇಕಾಯಿತು. ಅಮೆರಿಕದಲ್ಲಿ ಮೊದಲ ವಾರ ಒಂದನೇ ಸ್ಥಾನ, ಮರುವಾರ ಹದಿನಾರಕ್ಕೆ ಕುಸಿತ. ಆ ಕಾಲದಲ್ಲಿ 'ಉದ್ದವಾಯಿತು' ಎಂದವರೇ ಹೆಚ್ಚು. ಉದ್ದ ಇದೆ, ಒಪ್ಪುತ್ತೇನೆ, ಎರಡನೇ ಸಿಡಿಯ ನಡುವೆ ಒಂದೆರಡು ಹಾಡು ತೆಗೆದಿದ್ದರೆ ನಷ್ಟವೇನೂ ಇರಲಿಲ್ಲ. ಆದರೂ ಈ ಉದ್ದದಲ್ಲಿ ಉಸಿರಾಡಲು ಜಾಗವಿದೆ. 'ದಿ ಫ್ರೇಲ್' ಎಂಬ ಪುಟ್ಟ ಪಿಯಾನೊ ತುಣುಕು ಎರಡು ಹಾಡು ದಾಟಿ ಶೀರ್ಷಿಕೆಯ ಹಾಡಿನ ಪಲ್ಲವಿಯಾಗುತ್ತದೆ. 'ಲಾ ಮೆರ್' ಪಿಯಾನೊದಿಂದ ಶುರುವಾಗಿ, ಡಬಲ್ ಬೇಸ್ ಮತ್ತು ಡ್ರಮ್ ಒಂದೊಂದಾಗಿ ಸೇರಿಕೊಂಡು, ನಿಧಾನಕ್ಕೆ ಏರುತ್ತದೆ. ಅದರ ಧಾಟಿ ಎರಡನೇ ಸಿಡಿಯ 'ಇನ್‌ಟು ದ ವಾಯ್ಡ್'ನಲ್ಲಿ ಕುಣಿತದ ಲಯಕ್ಕೆ ಬೀಳುತ್ತದೆ. 'ಲಾ ಮೆರ್' ಆದ ಮೇಲೆ 'ದ ಗ್ರೇಟ್ ಬಿಲೋ', ಅಲ್ಲಿಗೆ ಮೊದಲ ಸಿಡಿ ಮುಗಿಯುತ್ತದೆ. ಈ ಎರಡನ್ನು ದಯವಿಟ್ಟು ಬೇರ್ಪಡಿಸಿ ಕೇಳಬೇಡಿ.

ಒಳ್ಳೆಯ ಹೆಡ್‌ಫೋನ್ ಇಲ್ಲದೆ ಈ ಆಲ್ಬಮ್ ಅರ್ಧ ಮಾತ್ರ ಕೇಳಿಸುತ್ತದೆ. ಫೋನಿನ ಸ್ಪೀಕರಿನಲ್ಲಿ ತಂತಿ ಉಜ್ಜುವ ಸದ್ದು, ಹಿಂದೆ ನಡೆಯುವ ಗೊಣಗು ಎಲ್ಲ ಕಲಸಿಹೋಗುತ್ತದೆ. ಎಲ್‌ಪಿಯಲ್ಲಿ ಸಿಡಿಯಲ್ಲಿಲ್ಲದ ಎರಡು ಹಾಡುಗಳಿವೆ, ಆದರೆ ಆಮದು ಬೆಲೆ ಕೈ ಸುಡುತ್ತದೆ. ನಾನು ತರಿಸಿದ ಒಂದು ಪ್ರತಿ ಬಾಗಿಕೊಂಡೇ ಬಂತು, ಮಾರಿದವರು ವಾಪಸ್ ತೆಗೆದುಕೊಳ್ಳಲು ಬಹಳ ಸತಾಯಿಸಿದರು. ಸೆಕೆಂಡ್‌ಹ್ಯಾಂಡ್ ಸಿಡಿ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ.

2005ರ 'ವಿತ್ ಟೀತ್' ಚಟಗಳಿಂದ ಹೊರಬಂದ ಮೇಲಿನ ಆಲ್ಬಮ್. ನಿರ್ವಾಣ ಬ್ಯಾಂಡಿನ ಡ್ರಮ್ಮರ್ ಆಗಿದ್ದ ಡೇವ್ ಗ್ರೋಲ್ ಹಲವು ಹಾಡುಗಳಲ್ಲಿ ಡ್ರಮ್ ಬಾರಿಸಿದ್ದಾರೆ, ಹಾಡುಗಳು ನೇರ. ಆದರೆ ಮಾಸ್ಟರಿಂಗ್ (ಸದ್ದಿನ ಕೊನೆಯ ಹದ) ತೀರಾ ಜೋರು, ಅರ್ಧ ಗಂಟೆಗೆ ಕಿವಿ ದಣಿಯುತ್ತದೆ. 2007ರ 'ಇಯರ್ ಝೀರೋ' ಮುಂದೊಂದು ದಿನದ ಅಮೆರಿಕದ ಸರ್ವಾಧಿಕಾರದ ಕತೆ. ಬಿಸಿ ತಾಗಿದರೆ ಬಣ್ಣ ಬದಲಾಗುವ ಸಿಡಿ ಅದು: ಪ್ಲೇಯರಿಗೆ ಹಾಕುವಾಗ ಕಪ್ಪು, ತೆಗೆಯುವಾಗ ಬಿಳಿ. ಹಾಡುಗಳೂ ಅಷ್ಟೇ ಚುರುಕು, ಇದಕ್ಕೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ.

2008ರಲ್ಲಿ ಕಂಪನಿಯ ಹಂಗು ತೊರೆದು ಮಾಡಿದ್ದನ್ನು ಕೇಳುಗನಾಗಿ ನಾನು ಮರೆಯುವುದಿಲ್ಲ. 'ಘೋಸ್ಟ್ಸ್ I–IV', 36 ವಾದ್ಯ ತುಣುಕುಗಳು, ಹಂಚಿಕೊಳ್ಳಲು ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ. ಮೊದಲ ಒಂಬತ್ತು ಉಚಿತ, ಪೂರ್ತಿ ಡೌನ್‌ಲೋಡಿಗೆ 5 ಡಾಲರ್. ವಿಶೇಷ ಆವೃತ್ತಿಯ 300 ಡಾಲರಿನ 2,500 ಪೆಟ್ಟಿಗೆಗಳು ಬಹುಬೇಗ ಖರ್ಚಾದವು. ಅದೇ ವರ್ಷ 'ದ ಸ್ಲಿಪ್' ಆಲ್ಬಮ್ಮನ್ನು ಪೂರ್ತಿ ಉಚಿತವಾಗಿ ಕೊಟ್ಟರು. ಮುಂದೆ ಅಮೆರಿಕದ ಗಾಯಕ ಲಿಲ್ ನಾಸ್ ಎಕ್ಸ್ ಅವರ 'ಓಲ್ಡ್ ಟೌನ್ ರೋಡ್'ನಲ್ಲಿ ಲೋಕವೆಲ್ಲ ಕೇಳಿದ ಆ ತಂತಿವಾದ್ಯದ ಸದ್ದು ಈ 'ಘೋಸ್ಟ್ಸ್'ನ 34ನೇ ತುಣುಕಿನದು. ಕೆಲಸ ಮಾಡುತ್ತಾ ಹಿನ್ನೆಲೆಯಲ್ಲಿ ಹಾಕಿಕೊಳ್ಳಲು ನನಗೆ ಇದಕ್ಕಿಂತ ಒಳ್ಳೆಯ ಆಲ್ಬಮ್ ಸಿಕ್ಕಿಲ್ಲ. ಇದರ ಮುಂದಿನ ಎರಡು ಭಾಗಗಳು ಉಚಿತವಾಗಿ ಬಂದದ್ದು 2020ರ ಮಾರ್ಚ್ 26ರಂದು, ನಮ್ಮಲ್ಲಿ ಲಾಕ್‌ಡೌನ್ ಶುರುವಾದ ಮರುದಿನ. 'ಟುಗೆದರ್' ಸಾಂತ್ವನದ ಸಂಗೀತ, 'ಲೋಕಸ್ಟ್ಸ್' ದಿಗಿಲಿನದು. ಆ ವಾರ ಎರಡೂ ಬೇಕಾಗಿದ್ದವು.

2013ರ 'ಹೆಸಿಟೇಷನ್ ಮಾರ್ಕ್ಸ್' ತಣ್ಣಗಿನ, ಅಚ್ಚುಕಟ್ಟಾದ ಆಲ್ಬಮ್. ಅದಕ್ಕೆ ಜೋರು ಕಡಿಮೆ ಇರುವ, ಸದ್ದಿನ ಗುಣಮಟ್ಟ ನೋಡುವವರಿಗಾಗಿ ಮಾಡಿದ 'ಆಡಿಯೋಫೈಲ್' ಆವೃತ್ತಿ ಬೇರೆಯೇ ಇದೆ, ಸಿಕ್ಕರೆ ಅದನ್ನೇ ಕೇಳಿ. 2016ರಲ್ಲಿ ರೆಜ್ನರ್ ಅವರ ಬಹುಕಾಲದ ಜೊತೆಗಾರ ಅಟಿಕಸ್ ರಾಸ್ ಬ್ಯಾಂಡಿಗೆ ಅಧಿಕೃತವಾಗಿ ಸೇರಿಕೊಂಡ ಮೇಲಿನ ಮೂರು ಪುಟ್ಟ ಆಲ್ಬಮ್‌ಗಳಲ್ಲಿ ಮತ್ತೆ ಹಸಿವು ಕಾಣುತ್ತದೆ. 2017ರ 'ಆ್ಯಡ್ ವಯಲೆನ್ಸ್'ನ ಕೊನೆಯ ಹಾಡಿನಲ್ಲಿ ಒಂದೇ ತುಣುಕು 52 ಸಲ ಮರುಕಳಿಸುತ್ತದೆ. ಸುತ್ತಿನಿಂದ ಸುತ್ತಿಗೆ ಇನ್ನಷ್ಟು ಸವೆದು, ಕೊನೆಗೆ ಸಂಗೀತ ಹೋಗಿ ಬರೀ ಗರಗರ ಉಳಿಯುತ್ತದೆ. ತಾಳ್ಮೆ ಬೇಡುವ ಹಾಡು. ಮಧ್ಯೆ ಎದ್ದು ಹೋಗದಿದ್ದರೆ, ಎಲ್ಲಿ ಸಂಗೀತ ಮುಗಿದು ಸದ್ದು ಶುರುವಾಯಿತು ಎಂದು ಹೇಳಲು ಆಗುವುದಿಲ್ಲ. 2018ರ 'ಬ್ಯಾಡ್ ವಿಚ್' ಅರ್ಧ ಗಂಟೆಯದು, ರೆಜ್ನರ್ ಸ್ವತಃ ಸ್ಯಾಕ್ಸೋಫೋನ್ ನುಡಿಸಿದ್ದಾರೆ. ಈಚಿನವುಗಳಲ್ಲಿ ನನ್ನ ಮೆಚ್ಚಿನದು ಅದೇ.

2025ರ 'ಟ್ರಾನ್: ಏರೀಸ್' ಚಿತ್ರಕ್ಕೆ ರೆಜ್ನರ್ ಮತ್ತು ರಾಸ್ ತಮ್ಮ ಸ್ವಂತ ಹೆಸರಿನ ಬದಲು ಬ್ಯಾಂಡಿನ ಹೆಸರಿನಲ್ಲೇ ಸಂಗೀತ ಕೊಟ್ಟರು. 'ಆ್ಯಸ್ ಅಲೈವ್ ಆ್ಯಸ್ ಯು ನೀಡ್ ಮಿ ಟು ಬಿ' ಹಾಡಿನಲ್ಲಿ ಹಳೆಯ ಕಸುವು ಹಾಗೇ ಇದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಚಿತ್ರಕ್ಕೆಂದು ಮಾಡಿದ ಸಂಗೀತ, ಒಂದು ಆಲ್ಬಮ್ಮಿನ ಹಾಗೆ ಮೊದಲಿಂದ ಕೊನೆಯವರೆಗೆ ಹಿಡಿದು ಕೂರಿಸುವುದಿಲ್ಲ. ನನಗೆ ಬೇಕಿರುವುದು 'ಫ್ರಾಜೈಲ್'ನಷ್ಟು ಉಸಿರು ಹಿಡಿದು ಮಾಡಿದ ಇನ್ನೊಂದು ಪೂರ್ಣ ಆಲ್ಬಮ್. ಅದು ಬಂದರೆ ಎಂಥದ್ದೆಂದು ವಿಚಾರಿಸದೆ ಮೊದಲ ದಿನವೇ ಕೊಳ್ಳುತ್ತೇನೆ.